ಕಾಕಾನ ಫೈಲ್ ಹಿಡಿದು: ಶ್ವಾಸಕೋಶದ ಕ್ಯಾನ್ಸರ್ ಅಂದಾಗ ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು

ನಮ್ಮ ಕಾಕಾ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವರು. ಸೀಜನ್ನಿನಲ್ಲಿ ಸೋಮವಾರ, ಗುರುವಾರ ಹೊಸಬರು ಆ ಯಾರ್ಡಿಗೆ ಕಾಲಿಟ್ಟರೆ ಕಣ್ಣು, ಮೂಗು ಎರಡೂ ಸುರಿಯುತ್ತವೆ. ಹೀಗಾಗಿ ಕಾಕಾ ಕೆಮ್ಮಿದರೆ ಯಾರಿಗೂ ಏನೂ ಅನ್ನಿಸಲಿಲ್ಲ. ಘಾಟಿನ ಕೆಮ್ಮು ಅಂದುಕೊಂಡೆವು. ಸೀಜನ್ ಮುಗಿದರೂ ಕೆಮ್ಮು ನಿಲ್ಲಲಿಲ್ಲ. ಊರ ಹತ್ತಿರದ ಒಂದು ದವಾಖಾನೆಯಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂದರು. ಕಫದ ಪರೀಕ್ಷೆಯಲ್ಲಿ ಟಿಬಿ ಸಿಕ್ಕಿರಲಿಲ್ಲ, ಆದರೂ ಗುಳಿಗೆ ಶುರು ಮಾಡಿದರು. ನಾಲ್ಕು ತಿಂಗಳು ಹೋಯಿತು. ಕಾಕಾ ಎಂಟು ಕಿಲೋ ಇಳಿದರು. ಶ್ರಾವಣದಲ್ಲಿ ಹುಬ್ಬಳ್ಳಿಗೆ ಕರೆತಂದು ಸಿಟಿ ಸ್ಕ್ಯಾನ್ ಮಾಡಿಸಿ, ಸೂಜಿ ಹಾಕಿ ಬಯಾಪ್ಸಿ ತೆಗೆಸಿದಾಗ ಶ್ವಾಸಕೋಶದ ಕ್ಯಾನ್ಸರ್ ಅಂತ ಬಂತು. ಅವರಿಗೆ 66 ವರ್ಷ. ಬೀಡಿ ಮುಟ್ಟಿದವರಲ್ಲ.

ಆ ರಾತ್ರಿಯಿಂದ ಫೋನಿಗೆ ಬಿಡುವಿಲ್ಲ. ಒಬ್ಬರು ಮುಂಬೈಗೆ ಹೋಗ್ರಿ ಅಂದರು. ಇನ್ನೊಬ್ಬರು ಬೆಂಗಳೂರು ಬಿಟ್ಟು ಬೇರೆ ಎಲ್ಲೂ ಬೇಡ ಅಂದರು. ಕೀಮೋ ಕೊಟ್ಟರೆ ಮನುಷ್ಯ ಉಳಿಯೋದಿಲ್ಲ ಅಂತ ಮತ್ತೊಬ್ಬರು. ಕಾಕಾನ ಮಕ್ಕಳು ಇನ್ನೂ ಸಣ್ಣವರು, ಫೈಲ್ ನನ್ನ ಕೈಗೆ ಬಂತು. ಇವತ್ತು ನಿಮ್ಮ ಕೈಯಲ್ಲೂ ಅಂಥದ್ದೇ ಒಂದು ಫೈಲ್ ಇದ್ದರೆ, ಯಾವ ದಾರಿ ಎಷ್ಟು ಉಪಯೋಗಕ್ಕೆ ಬಂತು ಅಂತ ನಿಮಗೋಸ್ಕರ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮವರ ರಿಪೋರ್ಟ್ ಓದದೆ ಯಾರೇ ಏನೇ ಹೇಳಿದರೂ ಅದು ನಿಮ್ಮವರ ಬಗ್ಗೆ ಹೇಳಿದ ಮಾತಲ್ಲ. ಹೇಳಿದವರು ಎಷ್ಟೇ ಹತ್ತಿರದವರಾಗಲಿ, ಎಷ್ಟೇ ಓದಿದವರಾಗಲಿ.

ಮೊದಲು ರಿಪೋರ್ಟಿನಲ್ಲಿ ಮೂರು ವಿಷಯ ಹುಡುಕಿ

ಶ್ವಾಸಕೋಶದ ಕ್ಯಾನ್ಸರ್ ಅಂದರೆ ಒಂದೇ ಕಾಯಿಲೆ ಅಲ್ಲ. ಸ್ಮಾಲ್ ಸೆಲ್, ನಾನ್ ಸ್ಮಾಲ್ ಸೆಲ್ ಅಂತ ಎರಡು ದೊಡ್ಡ ಜಾತಿ. ನೂರಕ್ಕೆ ಸುಮಾರು 85 ಜನರದ್ದು ನಾನ್ ಸ್ಮಾಲ್ ಸೆಲ್. ಅದರಲ್ಲೂ ಅಡಿನೊಕಾರ್ಸಿನೋಮಾ, ಸ್ಕ್ವಾಮಸ್ ಅಂತ ಬೇರೆ ಬೇರೆ. ಇದು ಮೊದಲ ವಿಷಯ. ಎರಡನೆಯದು ಸ್ಟೇಜ್, ಅಂದರೆ ಕಾಯಿಲೆ ಎಲ್ಲಿವರೆಗೆ ಹರಡಿದೆ ಅನ್ನೋದು. ಇದಕ್ಕೆ ಪೆಟ್ ಸ್ಕ್ಯಾನ್ ಮಾಡಿಸುತ್ತಾರೆ. ಜೊತೆಗೆ ಎಷ್ಟೋ ಸಲ ಮೆದುಳಿನ ಎಂಆರ್‌ಐ ಕೂಡ ಬೇಕಾಗುತ್ತದೆ.

ಮೂರನೆಯದನ್ನು ನಮ್ಮ ಕಡೆ ಜಾಸ್ತಿ ಜನ ಕೇಳುವುದೇ ಇಲ್ಲ. ಅದು ಗಡ್ಡೆಯ ಜೀನ್ ಪರೀಕ್ಷೆ. ಬಯಾಪ್ಸಿಯಲ್ಲಿ ತೆಗೆದ ಚೂರಿನಲ್ಲೇ ಇಜಿಎಫ್‌ಆರ್, ಎಎಲ್‌ಕೆ, ರಾಸ್-1 ಅನ್ನುವ ಬದಲಾವಣೆಗಳು ಇವೆಯಾ, ಪಿಡಿ-ಎಲ್1 ಅನ್ನುವ ಪ್ರೋಟೀನ್ ಎಷ್ಟಿದೆ ಅಂತ ನೋಡುತ್ತಾರೆ. ಬೀಡಿ, ಸಿಗರೇಟ್ ಸೇದದವರಲ್ಲಿ, ಅದರಲ್ಲೂ ಅಡಿನೊಕಾರ್ಸಿನೋಮಾ ಇದ್ದವರಲ್ಲಿ, ಇಜಿಎಫ್‌ಆರ್ ಸಿಗುವ ಸಾಧ್ಯತೆ ಜಾಸ್ತಿ. ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ, ದಿನಕ್ಕೊಂದು ಗುಳಿಗೆಯಿಂದ ಶುರು ಮಾಡಬಹುದು. ಈ ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯಬಹುದು. ಆ ಎರಡು ವಾರ ಮನೆಯವರಿಗೆ ಬೆಂಕಿಯ ಮೇಲೆ ಕೂತ ಹಾಗೆ. "ಇನ್ನೂ ಏನೂ ಶುರು ಮಾಡಿಲ್ಲೇನು?" ಅಂತ ಕೇಳುವವರೇ ಎಲ್ಲ. ಡಾಕ್ಟರ್ ಕಾಯಬಹುದು ಅಂದಿದ್ದರೆ ಕಾಯಿರಿ. ಉಸಿರಾಟಕ್ಕೆ ತುಂಬ ತೊಂದರೆ ಇದ್ದರೆ, ಎದೆಯಲ್ಲಿ ನೀರು ತುಂಬಿದ್ದರೆ, ಅಥವಾ ಸ್ಮಾಲ್ ಸೆಲ್ ಅಂತ ಬಂದಿದ್ದರೆ ಮಾತು ಬೇರೆ. ಆಗ ತಡ ಮಾಡುವಂತಿಲ್ಲ.

ಬಂಧುಗಳು, ವಾಟ್ಸಾಪ್, ಇಂಟರ್ನೆಟ್

ಬಂಧುಗಳ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಚಿಕಿತ್ಸೆಯ ವಿಷಯದಲ್ಲಿ ಅವರ ಸಲಹೆ ನಡೆಯೋದಿಲ್ಲ. ಆದರೆ ಯಾವ ಕೌಂಟರಿನಲ್ಲಿ ಎಷ್ಟು ಹೊತ್ತಿಗೆ ಚೀಟಿ ಕೊಡುತ್ತಾರೆ, ರಾತ್ರಿ ಎಲ್ಲಿ ಇಳಿದುಕೊಳ್ಳಬಹುದು, ಕೀಮೋ ದಿನ ಊಟ ಕಟ್ಟಿಕೊಂಡು ಹೋಗಬೇಕಾ ಅನ್ನೋದನ್ನು ಅವರಷ್ಟು ಚೆನ್ನಾಗಿ ಯಾವ ಡಾಕ್ಟರೂ ಹೇಳಲ್ಲ. ಒಂದು ಸಲ ಈ ದಾರಿ ನಡೆದು ಬಂದ ಮನೆಯವರು ಸಿಕ್ಕರೆ ಅರ್ಧ ಗಂಟೆ ಕೂತು ಕೇಳಿಸಿಕೊಳ್ಳಿ. "ನಮ್ಮ ಮಾವಗ ಕೊಟ್ಟ ಗುಳಿಗೀನ ನಿಮ್ಮ ಕಾಕಾಗೂ ಕೊಡಸ್ರಿ" ಅಂದಾಗ ಮಾತ್ರ ಅಲ್ಲಿಗೇ ನಿಲ್ಲಿಸಿ.

ನಾಟಿ ಔಷಧಿಯ ಸಲಹೆ ಪ್ರತಿ ಮನೆಗೂ ಬರುತ್ತದೆ. ನಮ್ಮಲ್ಲಿಗೂ ಒಂದು ಚೀಲ ಚಕ್ಕೆ ಬಂತು. ತಂದವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕ್ಯಾನ್ಸರ್ ಔಷಧಿಗಳು ಮೊದಲೇ ಲಿವರ್, ಕಿಡ್ನಿಗೆ ಭಾರ. ಅದರ ಮೇಲೆ ಏನಿದೆ ಅಂತ ಗೊತ್ತಿಲ್ಲದ ಕಷಾಯ ಕುಡಿಸಿದರೆ, ತೊಂದರೆ ಆದಾಗ ಯಾವುದರಿಂದ ಆಯಿತು ಅಂತ ಡಾಕ್ಟರಿಗೂ ತಿಳಿಯಲ್ಲ. ಕುಡಿಸಿಯೇ ಬಿಟ್ಟಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ.

ಇಂಟರ್ನೆಟ್ ಬಗ್ಗೆ ನನ್ನ ಅನುಭವ ಹೀಗೆ. ರಿಪೋರ್ಟಿನ ಮೂರು ವಿಷಯ ತಿಳಿಯುವ ಮೊದಲು ಓದಿದ್ದೆಲ್ಲ ಬರೀ ಹೆದರಿಕೆ. ತಿಳಿದ ಮೇಲೆ ಓದಿದ್ದು ಉಪಯೋಗಕ್ಕೆ ಬಂತು. ನೂರಕ್ಕೆ ಇಷ್ಟು ಜನ ಐದು ವರ್ಷ ಬದುಕುತ್ತಾರೆ ಅನ್ನುವ ಅಂಕಿ ಎಲ್ಲ ಕಡೆ ಇರುತ್ತದೆ. ಅದು ಎಷ್ಟೋ ವರ್ಷ ಹಿಂದೆ ಕಾಯಿಲೆ ಬಂದವರ ಲೆಕ್ಕ, ಎಲ್ಲ ಜಾತಿಯ ರೋಗಿಗಳನ್ನೂ ಸೇರಿಸಿದ ಲೆಕ್ಕ. ರಾತ್ರಿ ಒಂದು ಗಂಟೆಗೆ ಆ ಅಂಕಿ ನೋಡಿ ಅತ್ತಿದ್ದೇನೆ. ನೀವು ನೋಡಬೇಡಿ. ಓದಲೇಬೇಕು ಅನ್ನಿಸಿದರೆ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನವರ ಚಿಕಿತ್ಸಾ ಮಾರ್ಗಸೂಚಿ ನೋಡಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂದೆ ನಿಂತು 2012ರಲ್ಲಿ ಕಟ್ಟಿದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ ಅದು. ನಮ್ಮ ದೇಶದಲ್ಲಿ ಸಿಗುವ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಇಂಗ್ಲಿಷಿನಲ್ಲಿದೆ, ಡಾಕ್ಟರುಗಳಿಗೆ ಬರೆದದ್ದು. ಆದರೂ ನಮ್ಮ ಡಾಕ್ಟರ್ ಹೇಳಿದ ಔಷಧಿಯ ಹೆಸರು ಅದರಲ್ಲಿ ಸಿಕ್ಕಾಗ ಎದೆ ಸ್ವಲ್ಪ ಹಗುರಾಗುತ್ತದೆ. ವಿದೇಶದ ಪುಟಗಳಲ್ಲಿ ಕಾಯಿಲೆಯ ವಿವರಣೆ ಚೆನ್ನಾಗಿರುತ್ತದೆ, ಆದರೆ ಅಲ್ಲಿ ಹೊಗಳುವ ಔಷಧಿ ಇಲ್ಲಿ ಕೈಗೆ ಎಟುಕುತ್ತದಾ ಅನ್ನೋದು ಬೇರೆ ಪ್ರಶ್ನೆ.

ನೋಡುವ ಡಾಕ್ಟರ್ ಮತ್ತು ಆ ಹತ್ತು ನಿಮಿಷ

ಇವರಷ್ಟು ಒಳ್ಳೆಯ ದಾರಿ ಬೇರೆ ಇಲ್ಲ. ರಿಪೋರ್ಟ್ ಓದಿರುತ್ತಾರೆ, ರೋಗಿಯನ್ನು ಕಣ್ಣಾರೆ ನೋಡಿರುತ್ತಾರೆ. ಇಲ್ಲದಿರುವುದು ಸಮಯ. ಹೊರಗೆ ಎಂಬತ್ತು ಜನ ಕಾಯುತ್ತಿರುತ್ತಾರೆ. ಹೀಗಾಗಿ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ನಾಲ್ಕು ಜನ ಒಳಗೆ ನುಗ್ಗಿದರೆ ಯಾರಿಗೂ ಏನೂ ಕೇಳಿಸೋದಿಲ್ಲ.

ನಾನು ಮೊದಲ ಸಲ "ಹುಷಾರಾಗ್ತಾರಲ್ರಿ?" ಅಂತ ಕೇಳಿದೆ. ಅದಕ್ಕೆ ಯಾವ ಡಾಕ್ಟರ್ ಏನು ಹೇಳಬೇಕು? ಎರಡನೇ ಸಲ ಸ್ವಲ್ಪ ಬುದ್ಧಿ ಬಂದಿತ್ತು. ಈ ಚಿಕಿತ್ಸೆಯ ಉದ್ದೇಶ ಕಾಯಿಲೆ ಪೂರ್ತಿ ತೆಗೆಯುವುದಾ, ಹತೋಟಿಯಲ್ಲಿ ಇಡುವುದಾ? ಇದು ಬಿಟ್ಟು ಬೇರೆ ಯಾವ ದಾರಿ ಇದೆ, ಅದನ್ನು ಯಾಕೆ ಬೇಡ ಅಂದಿರಿ? ಕೆಲಸ ಮಾಡುತ್ತಿದೆಯಾ ಅಂತ ಯಾವಾಗ, ಯಾವ ಸ್ಕ್ಯಾನಿನಲ್ಲಿ ನೋಡುತ್ತೀರಿ? ಈ ಮೂರಕ್ಕೆ ಡಾಕ್ಟರ್ ಪೆನ್ನು ತೆಗೆದುಕೊಂಡು ಚಿತ್ರ ಬರೆದು ತೋರಿಸಿದರು. ಆ ಹಾಳೆ ಇನ್ನೂ ಫೈಲಿನಲ್ಲಿದೆ.

ಎರಡನೇ ಅಭಿಪ್ರಾಯ: ಕಾಕಾ ಹೋಗಬೇಕಾಗಿಲ್ಲ, ಬ್ಲಾಕ್ ಹೋದರೆ ಸಾಕು

ಬೇರೆಯವರನ್ನು ಕೇಳಿದರೆ ನಮ್ಮ ಡಾಕ್ಟರ್ ಸಿಟ್ಟಾಗುತ್ತಾರೆ ಅಂತ ಜನ ಹೆದರುತ್ತಾರೆ. ಕ್ಯಾನ್ಸರ್ ಡಾಕ್ಟರುಗಳಿಗೆ ಇದು ದಿನನಿತ್ಯದ ಮಾತು. ನೇರವಾಗಿ ಹೇಳಿ, ರಿಪೋರ್ಟ್ ಕೇಳಿ ಪಡೆಯಿರಿ.

ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಚೌಕಟ್ಟು, ನಡುವೆ ಬಿಳಿ ಮೇಣ. ಮೇಣದೊಳಗೆ ಉಗುರಿನ ಚೂರಿನಂಥ ಕಂದು ಗೆರೆ. ಅದೇ ಕಾಕಾನ ಗಡ್ಡೆ. ಅದನ್ನು ಗಾಜಿನ ಸ್ಲೈಡ್‌ಗಳ ಜೊತೆ ಲ್ಯಾಬಿನವರು ಒಂದು ಸಣ್ಣ ಕವರಿನಲ್ಲಿ ಕೊಟ್ಟರು. ಸಹಿ ಮಾಡಿ ತೆಗೆದುಕೊಂಡೆ. ಇಷ್ಟು ಸಣ್ಣದರ ಮೇಲೆ ಇಷ್ಟು ದೊಡ್ಡ ನಿರ್ಧಾರ ನಿಂತಿದೆಯಾ ಅಂತ ಕೈ ನಡುಗಿತು. ಇದನ್ನು ಜೋಪಾನ ಮಾಡಿ. ನಮ್ಮ ಕಡೆ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮೇಣ ಕರಗಬಹುದು. ಯಾರಿಗೆ, ಯಾವ ದಿನ ಕೊಟ್ಟಿರಿ ಅಂತ ಬರೆದಿಡಿ. ನಮ್ಮ ಬ್ಲಾಕ್ ಒಂದು ಲ್ಯಾಬಿನಲ್ಲಿ ಒಂಬತ್ತು ದಿನ ಯಾರೂ ಮುಟ್ಟದೆ ಕೂತಿತ್ತು. ನಾನೇ ಹೋಗಿ ಕೇಳಿದ ಮೇಲೆ ಮುಂದಕ್ಕೆ ಹೋಯಿತು.

ಜೀನ್ ಪರೀಕ್ಷೆಯ ಲ್ಯಾಬ್ ಬೇರೆ ಊರಿನಲ್ಲಿದ್ದರೂ ಬ್ಲಾಕ್ ಕೊರಿಯರಿನಲ್ಲಿ ಹೋಗುತ್ತದೆ. ಅದಕ್ಕಾಗಿ ಉಸಿರು ಕಟ್ಟುವ ಮನುಷ್ಯನನ್ನು ರಾತ್ರಿ ರೈಲು ಹತ್ತಿಸಬೇಕಾಗಿಲ್ಲ. ಅಭಿಪ್ರಾಯವೂ ಹಾಗೆಯೇ. ರಿಪೋರ್ಟುಗಳನ್ನು ಹಿಡಿದು ಮನೆಯವರಲ್ಲಿ ಒಬ್ಬರು ಹೋಗಬಹುದು. ಇಲ್ಲವೆ ನವ್ಯ ಎಂಬ ಆನ್‌ಲೈನ್ ಸೇವೆ ಇದೆ, ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜೊತೆ ಸೇರಿ ನಡೆಯುತ್ತದೆ. ಕಾಗದಗಳನ್ನು ಕಳಿಸಿದರೆ ತಜ್ಞರ ಅಭಿಪ್ರಾಯ ಬರೆದು ಕೊಡುತ್ತಾರೆ.

ನಮಗೆ ಎರಡು ಕಡೆಯಿಂದ ಎರಡು ಮಾತು ಬಂದವು. ಕಾಕಾನದು ಅಡಿನೊಕಾರ್ಸಿನೋಮಾ, ನಾಲ್ಕನೇ ಸ್ಟೇಜ್, ಇಜಿಎಫ್‌ಆರ್ ಇದೆ ಅಂತ ಬಂದಿತ್ತು. ಹುಬ್ಬಳ್ಳಿಯಲ್ಲಿ ಗೆಫಿಟಿನಿಬ್ ಗುಳಿಗೆ ಸಾಕು ಅಂದರು. ಎರಡನೇ ಅಭಿಪ್ರಾಯದಲ್ಲಿ ಗುಳಿಗೆ ಜೊತೆ ಕೀಮೋ ಕೂಡ ಕೊಡಬಹುದು ಅಂದರು. ಮನೆಯಲ್ಲಿ ದೊಡ್ಡ ಗದ್ದಲ. ಯಾರು ಸರಿ, ಯಾರು ತಪ್ಪು? ವಿಚಾರಿಸಿದಾಗ ತಿಳಿಯಿತು, ಇಬ್ಬರೂ ಸರಿ. ಇದರ ಮೇಲೆ ಟಾಟಾ ಮೆಮೋರಿಯಲ್‌ನಲ್ಲೇ 350 ರೋಗಿಗಳ ಅಧ್ಯಯನ ನಡೆದಿದೆ, 2020ರಲ್ಲಿ ಪ್ರಕಟವಾಗಿದೆ. ಗೆಫಿಟಿನಿಬ್ ಒಂದನ್ನೇ ತೆಗೆದುಕೊಂಡವರಲ್ಲಿ ಕಾಯಿಲೆ ಬೆಳೆಯದೆ ನಿಂತ ಅವಧಿ ಸುಮಾರು 8 ತಿಂಗಳು, ಕೀಮೋ ಸೇರಿಸಿದವರಲ್ಲಿ ಸುಮಾರು 16 ತಿಂಗಳು. ಆದರೆ ಕೀಮೋ ಸೇರಿಸಿದವರಲ್ಲಿ ಗಂಭೀರ ಅಡ್ಡಪರಿಣಾಮ ಸುಮಾರು ಎರಡು ಪಟ್ಟು. ಅಂದರೆ ಪ್ರಶ್ನೆ ಯಾವ ಡಾಕ್ಟರ್ ಜಾಣ ಅನ್ನೋದಲ್ಲ. ರೋಗಿಗೆ ಎಷ್ಟು ಶಕ್ತಿ ಇದೆ, ದವಾಖಾನೆ ಎಷ್ಟು ದೂರ, ಅವರಿಗೆ ಏನು ಬೇಕು ಅನ್ನೋದು. ಆಸಿಮೆರ್ಟಿನಿಬ್ ಅನ್ನುವ ಹೊಸ ಗುಳಿಗೆಯ ಮಾತೂ ಬಂತು. 2024ರ ಜುಲೈ ಬಜೆಟ್ಟಿನಲ್ಲಿ ಅದರ ಮೇಲಿನ ಆಮದು ಸುಂಕ ತೆಗೆದರು. ಆದರೂ ಗೆಫಿಟಿನಿಬ್ ಪಕ್ಕದಲ್ಲಿ ಇಟ್ಟರೆ ಬಹಳ ದುಬಾರಿ. ನಮ್ಮಿಂದ ಆಗದ ಮಾತು.

ಹುಬ್ಬಳ್ಳಿಯಾ, ಬೆಂಗಳೂರಾ, ಮುಂಬೈಯಾ

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಅನುಕೂಲ ಇದೆ. ವಿದ್ಯಾನಗರದ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಬೋರ್ಡಿನ ಮೇಲೆ ಹೆಸರು ಬದಲಾದರೂ ಎಲ್ಲರ ಬಾಯಲ್ಲಿ ಕಿಮ್ಸೇ), ನವನಗರದ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಮೂರೂ ಎರಡೂ ಊರಿನ ನಡುವೆ ಓಡಾಡುವ ಚಿಗರಿ ಬಸ್ಸಿನ ದಾರಿಯಲ್ಲೇ. ಇವಲ್ಲದೆ ಖಾಸಗಿ ಕ್ಯಾನ್ಸರ್ ದವಾಖಾನೆಗಳೂ ಇವೆ. ಹಾವೇರಿ, ಗದಗ ಕಡೆಯವರು ಬೆಳಿಗ್ಗೆ ಹೊರಟು ಸಂಜೆ ಮನೆ ಸೇರಬಹುದು.

ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಸಂಸ್ಥೆ, 1973ರಿಂದ ಇದೆ. ಖರ್ಚು ಕಡಿಮೆ, ಅನುಭವ ದೊಡ್ಡದು, ಧರ್ಮಶಾಲೆಯೂ ಇದೆ. ಸಾಲು ಉದ್ದ. ಮುಂಬೈ ಪರೇಲದ ಟಾಟಾ ಮೆಮೋರಿಯಲ್ 1941ರದು. ಗದಗದಿಂದ ನೇರ ರೈಲಿದೆ. ಆದರೆ ಅಲ್ಲಿ ಉಳಿದುಕೊಳ್ಳುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳದೆ ರೋಗಿಯನ್ನು ಕರೆದುಕೊಂಡು ಹೋಗಬೇಡಿ. ಫುಟ್‌ಪಾತ್ ಮೇಲೆ ಮಲಗಿದ ಕುಟುಂಬಗಳನ್ನು ನೋಡಿದವರಿಗೆ ನಾನು ಹೇಳೋದು ಅರ್ಥವಾಗುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟ ಇದೆ. ಆಪರೇಷನ್ ಮಾಡುವ ಸ್ಟೇಜಿನಲ್ಲಿ ಕಾಯಿಲೆ ಸಿಕ್ಕಿದ್ದರೆ, ಶ್ವಾಸಕೋಶದ ಆಪರೇಷನ್ನನ್ನೇ ದಿನವೂ ಮಾಡುವ ಜಾಗ ಹುಡುಕಿಕೊಂಡು ದೂರ ಹೋಗಿ. ಅದು ಒಂದು ಸಲದ ಕೆಲಸ, ಕಷ್ಟಪಟ್ಟರೂ ಸರಿ. ಕೀಮೋ, ರೇಡಿಯೇಷನ್ ಹಾಗಲ್ಲ. ಕೀಮೋ ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ತಿಂಗಳುಗಟ್ಟಲೆ. ಕರೆಂಟ್ ಕೊಡೋದು ಅಂತ ನಾವು ಅನ್ನುತ್ತೇವಲ್ಲ, ಆ ರೇಡಿಯೇಷನ್ ಪೂರ್ತಿ ಕೋರ್ಸ್ ಆದರೆ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ. ಇವೆರಡಕ್ಕೆ ಹತ್ತಿರದ ದವಾಖಾನೆಯೇ ಒಳ್ಳೆಯದು.

ಹತ್ತಿರ ಅನ್ನೋದಕ್ಕೆ ಇನ್ನೊಂದು ದೊಡ್ಡ ಕಾರಣ ಇದೆ. ಕೀಮೋ ನಡೆಯುವಾಗ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯುವಂತಿಲ್ಲ, ತಕ್ಷಣ ದವಾಖಾನೆ ಸೇರಬೇಕು. ಎರಡನೇ ಕೀಮೋ ಆದ ಹತ್ತನೇ ದಿನ ರಾತ್ರಿ ಕಾಕಾಗೆ 101 ಬಂತು. ಬ್ಯಾಡಗಿಯಿಂದ ಕಾರಿನಲ್ಲಿ ಹೊರಟು ಎರಡು ಗಂಟೆಯೊಳಗೆ ಹುಬ್ಬಳ್ಳಿಯ ಎಮರ್ಜೆನ್ಸಿಯಲ್ಲಿ ಇದ್ದರು. ಅವರದೇ ಫೈಲ್ ಅಲ್ಲಿತ್ತು, ಅವರನ್ನು ಬಲ್ಲ ಡಾಕ್ಟರ್ ಫೋನಿನಲ್ಲಿ ಸಿಕ್ಕರು. ಮುಂಬೈಯಲ್ಲಿ ಕೀಮೋ ಹಾಕಿಸಿಕೊಂಡು ಊರಿಗೆ ಬಂದಿದ್ದರೆ ಆ ರಾತ್ರಿ ಏನು ಮಾಡುತ್ತಿದ್ದೆವು?

ರೊಕ್ಕದ ಮಾತು

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ದವಾಖಾನೆಗೆ ಹೋಗುವುದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಇದನ್ನು ಮರೆತು ಅಡ್ಮಿಟ್ ಆಗಿ, ಆಮೇಲೆ ಓಡಾಡುವವರನ್ನು ಬಹಳ ನೋಡಿದ್ದೇನೆ. ದವಾಖಾನೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ಡಾಕ್ಟರ್ ಬರೆದ ಈ ಔಷಧಿ, ಈ ಪರೀಕ್ಷೆ ಪ್ಯಾಕೇಜಿನಲ್ಲಿ ಐತೇನ್ರಿ?" ಕೀಮೋ ಪ್ಯಾಕೇಜ್ ಇದ್ದೀತು, ಹೊಸ ಗುಳಿಗೆಗಳು ಇರಲಿಕ್ಕಿಲ್ಲ. ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ವಿಚಾರಿಸಿ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿಯೂ ಕೇಳಬಹುದು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ದೊಡ್ಡ ರಿಯಾಯಿತಿ ಇದೆ. ದವಾಖಾನೆಯ ಸರ್ಟಿಫಿಕೇಟ್ ಬೇಕಾಗುತ್ತದೆ.

ನೋವು, ದಮ್ಮು ನೋಡುವ ಡಾಕ್ಟರ್

ಪ್ಯಾಲಿಯೇಟಿವ್ ಅಂದ ಕೂಡಲೇ ಮನೆಯವರು "ಅಂದ್ರ ಕೈ ಬಿಟ್ರಾ?" ಅನ್ನುತ್ತಾರೆ. ಹಾಗಲ್ಲ. ನೋವು, ದಮ್ಮು, ನಿದ್ದೆ, ಹಸಿವು ನೋಡಿಕೊಳ್ಳುವ ವಿಭಾಗ ಅದು, ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತದೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಒಂದು ಅಧ್ಯಯನ ಬಂತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಮೊದಲಿನಿಂದಲೇ ಈ ಆರೈಕೆ ಕೊಟ್ಟರೆ ನೆಮ್ಮದಿಯಾಗಿ ಇದ್ದರು, ಅಷ್ಟೇ ಅಲ್ಲ, ಹೆಚ್ಚು ದಿನ ಬದುಕಿದರು. 8.9 ತಿಂಗಳ ಜಾಗದಲ್ಲಿ 11.6 ತಿಂಗಳು. ಹೀಗಾಗಿ ಮೊದಲ ತಿಂಗಳಲ್ಲೇ ಕೇಳಿ. ನಾವು ಕೇಳಿದ್ದು ಮೂರನೇ ತಿಂಗಳಲ್ಲಿ. ಅಲ್ಲಿವರೆಗೆ ಕಾಕಾ ರಾತ್ರಿಯೆಲ್ಲ ಗೋಡೆಗೆ ದಿಂಬು ಒರಗಿಸಿ ಕೂತೇ ಇರುತ್ತಿದ್ದರು.

ಕಾಕಾ

ಇಷ್ಟೆಲ್ಲ ಜನರನ್ನು ಕೇಳಿದೆವು, ಕಾಕಾನನ್ನೇ ಕೇಳಿರಲಿಲ್ಲ. ಅವರಿಗೆ ಕ್ಯಾನ್ಸರ್ ಅಂತ ಹೇಳಿರಲೂ ಇಲ್ಲ. "ಎದಿಯೊಳಗ ಗಡ್ಡಿ ಐತಿ, ಕರಗಸ್ತಾರ" ಅಂತ ಕಾಕು ಹೇಳಿದ್ದರು. ನವನಗರದ ದವಾಖಾನೆ ಎದುರು ಆಟೋ ಇಳಿದಾಗ ಕಾಕಾ ತಲೆ ಎತ್ತಿ ಬೋರ್ಡ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ನಲವತ್ತು ವರ್ಷ ಲೆಕ್ಕ ಬರದೀನಿ. ನನಗ ಓದಾಕ ಬರ್ತೈತಿ" ಅಂದರು. ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಅವತ್ತಿನಿಂದ ಎಲ್ಲವನ್ನೂ ಅವರ ಮುಂದೆಯೇ ಮಾತಾಡಿದೆವು. ಗುಳಿಗೆ ಒಂದೇನಾ, ಕೀಮೋನೂ ಬೇಕಾ ಅನ್ನುವ ಜಗಳ ಅವರೇ ಮುಗಿಸಿದರು. ಡಾಕ್ಟರಿಗೆ ಅವರು ಕೇಳಿದ್ದು ಒಂದೇ: "ಸಾಹೇಬ್ರ, ಸಂಕ್ರಾಂತಿ ಆದ ಮ್ಯಾಲ ಮಾಲು ಬರಾಕ ಚಾಲು ಆಕ್ಕೈತಿ. ಅಷ್ಟರೊಳಗ ಕೀಮೋ ಮುಗೀತೈತೇನ್ರಿ?"

ಡಾಕ್ಟರ್ ಕ್ಯಾಲೆಂಡರ್ ತೆಗೆದು 21 ದಿನದಂತೆ ಲೆಕ್ಕ ಹಾಕಿದರು. ಜೋರಾದ ನಾಲ್ಕು ಸುತ್ತು ಡಿಸೆಂಬರ್ ಮೊದಲ ವಾರಕ್ಕೆ ಮುಗಿಯುತ್ತವೆ, ಆಮೇಲೆ ಕೊಡೋದು ಹಗುರ ಅಂದರು. ಯಾರ್ಡಿನೊಳಗೆ ಹೋಗುವಂತಿಲ್ಲ, ಅಂಗಡಿಯ ಒಳಗಿನ ಕೋಣೆಯಲ್ಲಿ ಮಾಸ್ಕ್ ಹಾಕಿಕೊಂಡು ಕೂರಬಹುದು, ರಕ್ತದ ರಿಪೋರ್ಟ್ ಚೆನ್ನಾಗಿದ್ದರೆ ಮಾತ್ರ ಅಂದರು. ಕಾಕಾ ಆ ತಾರೀಖುಗಳನ್ನು ತಮ್ಮ ಕೈಯಿಂದಲೇ ಫೈಲಿನ ಮೇಲೆ ಬರೆದುಕೊಂಡರು. ಜನವರಿಯ ಕೊನೆಯ ಗುರುವಾರ ಎರಡು ತಾಸು ಅಂಗಡಿಯಲ್ಲಿ ಕೂತು ಬಂದರು.